ರಿಪೋರ್ಟ್‌ನಲ್ಲಿ ‘ಓ’, ರಕ್ತದಲ್ಲಿ ಬಾಂಬೆ

ನಿಮ್ಮ ರಿಪೋರ್ಟ್‌ನಲ್ಲಿ ಓ ಪಾಸಿಟಿವ್ ಅಂತಿದೆಯಾ? ಹಾಗಾದ್ರೆ ಇವತ್ತಿನ ಎಪಿಸೋಡ್ ಪೂರ್ತಿ ಕೇಳಿ.

1952ರಲ್ಲಿ ಬಾಂಬೆಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಒಂದು ವಿಚಿತ್ರ ರಕ್ತ ಗುರುತಿಸಿದ್ರು. ಅದೇ ಬಾಂಬೆ ಬ್ಲಡ್ ಗ್ರೂಪ್. ಎ, ಬಿ ಅನ್ನೋ ಗುರುತುಗಳು ಕೆಂಪು ಕಣದ ಮೇಲೆ ಕೂರೋಕೆ ಕೆಳಗೊಂದು ಬುನಾದಿ ಬೇಕು, ಹೆಸರು ಎಚ್ ಆ್ಯಂಟಿಜೆನ್. ಓ ಗ್ರೂಪ್‌ನವರಲ್ಲಿ ಬರೀ ಬುನಾದಿ ಇರುತ್ತೆ. ಬಾಂಬೆಯವರಲ್ಲಿ ಅದೂ ಇಲ್ಲ. ಹಾಗಾಗಿ ಅವರಿಗೆ ಓ ರಕ್ತ ಕೊಟ್ಟರೂ ದೇಹ ಆ ಕಣಗಳನ್ನು ಒಡೆದುಹಾಕುತ್ತೆ. ಜೀವಕ್ಕೇ ಅಪಾಯ.

ಮಾಮೂಲಿ ಟೆಸ್ಟ್‌ನಲ್ಲಿ ಇದು ಸಿಗಲ್ಲ. ರಕ್ತಕ್ಕೆ ಆ್ಯಂಟಿ-ಎ, ಆ್ಯಂಟಿ-ಬಿ ಹಾಕಿದರೆ ಗಂಟು ಕಟ್ಟಲ್ಲ, ಅಂದ್ರೆ ‘ಓ’. ಸೀರಮ್‌ಗೆ ಎ, ಬಿ ಕಣ ಸೇರಿಸಿ ಉಲ್ಟಾ ಪರೀಕ್ಷೆ ಮಾಡಿದ್ರೂ ‘ಓ’ನೇ. ನಾನು ಬಿಕಾಂ ಓದಿದವನು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಲೆಕ್ಕದಲ್ಲಿ ತಪ್ಪಿರಬಹುದು ಅಂತ ನಮಗೆ ಹೇಳಿಕೊಡ್ತಾರೆ. ಇದೂ ಅದೇ ಜಾತಿ! ಹಿಡಿಯೋಕೆ ಬೇಕಿರೋದು ಇನ್ನೊಂದೇ ಟ್ಯೂಬ್: ಅದೇ ಸೀರಮ್‌ಗೆ ಓ ಕಣ. ಅಲ್ಲೂ ಗಂಟು ಕಟ್ಟಿದರೆ ಅನುಮಾನ ಶುರು, ಆಮೇಲೆ ಆ್ಯಂಟಿ-ಎಚ್ ಹಾಕಿ ಖಚಿತ ಮಾಡ್ಕೋತಾರೆ. ರಕ್ತ ಏರಿಸೋ ಮುಂಚಿನ ಕ್ರಾಸ್‌ಮ್ಯಾಚ್‌ನಲ್ಲೂ ಸಿಕ್ಕಿಬೀಳುತ್ತೆ. ಅರ್ಜೆಂಟ್ ಅಂತ ಅದನ್ನ ಬಿಟ್ಟರೆ ಕಷ್ಟ.

ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರ್ತಾರೆ. ತಗೊಳ್ಳೋದಾದ್ರೆ ಇನ್ನೊಬ್ಬ ಬಾಂಬೆಯವರಿಂದಲೇ. ಇದು ಅಪ್ಪ-ಅಮ್ಮ ಇಬ್ಬರ ಕಡೆಯಿಂದಲೂ ಬರಬೇಕಾದ ಗುಣ. ಅದಕ್ಕೇ ದಾನಿ ಬೇಕಾದಾಗ ಮೊದಲು ಒಡಹುಟ್ಟಿದವರನ್ನ ಟೆಸ್ಟ್‌ಗೆ ಕರೀತಾರೆ.