ದಸರೆಯ ಸಂಗೀತವೂ ಮಕ್ಕಳ ಕಿವಿಯೂ

ಮಡಿಕೇರಿಯ ದಸರೆಯಲ್ಲಿ ಗಾಂಧಿ ಮೈದಾನದ ಚಲನಚಿತ್ರಗೀತೆಗಳ ಕೂಟಕ್ಕೆ ತಂದೆತಾಯಿಗಳು ಮಕ್ಕಳನ್ನು ಕರೆದೊಯ್ಯುವುದನ್ನು ನಾವು ಆಕ್ಷೇಪಿಸುವವರಲ್ಲ. ದುಡಿಯ ನಾದಕ್ಕೆ ಬಾಳೋಪಾಟನ್ನು ಹಾಡುವ ಕೊಡಗಿನಲ್ಲಿ, ಹಿರಿಯರ ಪಕ್ಕದಲ್ಲಿ ಕುಳಿತು ಹಾಡು ಕೇಳುವುದು ಮಕ್ಕಳಿಗೆ ಹೊಸತಲ್ಲ. ಹೊಸತಾದುದು ಧ್ವನಿವರ್ಧಕದ ಅಬ್ಬರ. ಒಳಗಿವಿಯ ಸೂಕ್ಷ್ಮಕೋಶಗಳು ಒಮ್ಮೆ ನಾಶವಾದರೆ ಪುನಃ ಹುಟ್ಟುವುದಿಲ್ಲ. ಒಂದು ರಾತ್ರಿಯ ವಿನೋದಕ್ಕೆ ಮಗುವು ಜೀವಮಾನವೆಲ್ಲ ಬೆಲೆ ತೆರಬೇಕಾದೀತು.

ಇಂತಹ ಕೂಟಗಳ ಶಬ್ದವು ಸರಾಸರಿ 100 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸೂಚಿಸಿತು. ಎಳೆಯ ಕಿವಿಗೆ ಅದೂ ಅಧಿಕವೇ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10 ಗಂಟೆಯ ಮೇಲೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನಗಳನ್ನು ಮೀರದಂತೆ 12 ಗಂಟೆಯವರೆಗೆ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಇತ್ತಿವೆ. ಆದರೆ ವೇಳೆಯ ವಿನಾಯಿತಿಯು ಅಬ್ಬರಕ್ಕೆ ಪರವಾನಗಿಯಲ್ಲ.

ಅಧಿಕಾರಿಗಳು ಶಬ್ದಮಾಪಕವನ್ನು ಹಿಡಿದು ಮೈದಾನದಲ್ಲಿಯೇ ನಿಲ್ಲಲಿ. ತಂದೆತಾಯಿಗಳು ಧ್ವನಿವರ್ಧಕಗಳಿಂದ ದೂರದಲ್ಲಿ ಕುಳಿತು, ಅರಳೆಯನ್ನು ನೆಚ್ಚದೆ, ಮಗುವಿಗೆ ತಕ್ಕ ಕರ್ಣರಕ್ಷಕವನ್ನು ತೊಡಿಸಲಿ. ಕಿವಿ ಗುಂಯ್‌ಗುಡುತ್ತದೆಂದು ಅದು ಹೇಳಿದೊಡನೆ ಎದ್ದು ಬರಲಿ. ಹಾಡು ಮುಂದಿನ ದಸರೆಗೂ ಬರುವುದು. ಕಳೆದುಹೋದ ಶ್ರವಣಶಕ್ತಿಯು ಬಾರದು.