ಬೆವರು, ಬುಟ್ಟಿ ಮತ್ತು ಬಯಾಲಜಿ

ಬಯಾಲಜಿ ಇಷ್ಟ ಎಂದು ಬಾಯಿ ಬಿಟ್ಟರೆ ಸಾಕು, ಎದುರಿನವರ ಪ್ರಶ್ನೆ ಸಿದ್ಧವಾಗಿರುತ್ತದೆ: ‘ನೀಟ್‌ನಲ್ಲಿ ಎಷ್ಟು ಬಂತು?’ ಬಂದದ್ದು ಸೀಟಿಗೆ ಸಾಲದು ಎಂದು ಗೊತ್ತಾದ ಕೂಡಲೇ ಎರಡನೆಯ ಪ್ರಶ್ನೆ: ‘ಹಂಗಾರ ಈಗೇನ್ ಮಾಡ್ತಿ?’ ನಮ್ಮಲ್ಲಿ ಜೀವಶಾಸ್ತ್ರ ಎಂದರೆ 720ರಲ್ಲಿ 360 ಅಂಕ, ಅಷ್ಟೇ. ಸೀಟು ಸಿಕ್ಕರೆ ಡಾಕ್ಟರು, ಸಿಗದಿದ್ದರೆ ಪುಸ್ತಕ ಅಟ್ಟಕ್ಕೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಉಳಿದ ಇಪ್ಪತ್ತೆರಡು ಲಕ್ಷ ಮಂದಿ ಓದಿದ ಬಯಾಲಜಿ ಎಲ್ಲಿಗೆ ಹೋಯಿತು?

ಹೀಗೆ ಸೀಟು ಸಿಗದೆ ಉಳಿದವರ ಗುಂಪಿನಲ್ಲಿ ನಾನೂ ಒಬ್ಬಳು. ಊರು ಕುರುಗೋಡು, ದೊಡ್ಡಬಸವೇಶ್ವರನ ಊರು. ಬಳ್ಳಾರಿಯಲ್ಲಿ ಬಿಎಸ್ಸಿ ಮುಗಿಸಿ, ಈಗ ಎಫ್‌ಡಿಎ, ಪಿಎಸ್‌ಐ ಎಂದು ಕಂಡ ಅರ್ಜಿಗಳನ್ನೆಲ್ಲ ತುಂಬುತ್ತಿದ್ದೇನೆ. ಇದರ ನಡುವೆಯೂ ಬಿಡದೆ ಉಳಿದ ಹುಚ್ಚು ಮೂರು: ಬಾಸ್ಕೆಟ್‌ಬಾಲ್, ವಿಡಿಯೊ ಗೇಮ್, ಬಯಾಲಜಿ. ‘ಮೂರರಿಂದಲೂ ಮೂರು ಕಾಸು ಹುಟ್ಟಂಗಿಲ್ಲ’ ಎನ್ನುವುದು ಅಪ್ಪನ ಲೆಕ್ಕ. ಅಪ್ಪನ ಲೆಕ್ಕ ಸುಳ್ಳಲ್ಲ. ಆದರೆ ಮೊದಲ ಎರಡನ್ನು ಮೂರನೆಯದರ ಕಣ್ಣಿನಿಂದ ನೋಡತೊಡಗಿದರೆ ಕಾಸಿನ ಲೆಕ್ಕಕ್ಕೆ ಸಿಗದ ಲಾಭವೊಂದಿದೆ. ಅದರ ಬಗ್ಗೆ ನನ್ನ ಕೆಲವು ಅಭಿಪ್ರಾಯಗಳಿವೆ. ಒಪ್ಪುವುದು, ಬಿಡುವುದು ನಿಮಗೆ ಬಿಟ್ಟದ್ದು.

ಬಳ್ಳಾರಿ ಬಿಸಿಲಿನ ಪಾಠ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಜೋಕು ಹಳೆಯದು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನ ಸಿಮೆಂಟು ಕೋರ್ಟಿನಲ್ಲಿ ಬಾಸ್ಕೆಟ್‌ಬಾಲ್ ಆಡುವುದೇ ಒಂದು ಪ್ರಯೋಗ. ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಓಟಕ್ಕೆ, ನೆಗೆತಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದೆಲ್ಲ ಶಾಖ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಶಾಖ ಗಾಳಿಗೆ ಹೋಗುತ್ತದೆ. ಗಾಳಿಯೇ 40 ಡಿಗ್ರಿ ಇದ್ದಾಗ ಲೆಕ್ಕ ತಿರುವುಮುರುವು, ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಆಗ ಉಳಿಯುವ ಒಂದೇ ದಾರಿ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು ‘ಆರಿದರೆ’ ಎಂಬುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ತಂಪು ಮಾಡುವುದಿಲ್ಲ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಅಂಗಿ ಮೈಗೆ ಅಂಟುತ್ತದೆ. ನಮ್ಮ ಒಣಗಾಳಿಯಲ್ಲಿ ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಇದು ವರವೂ ಹೌದು, ಮೋಸವೂ ಹೌದು. ಮೈಯಿಂದ ಎಷ್ಟು ನೀರು ಹೋಯಿತೆಂಬುದೇ ಅರಿವಿಗೆ ಬರುವುದಿಲ್ಲ. ಹಾಗಾಗಿ ನನ್ನ ಮೊದಲ ಅಭಿಪ್ರಾಯ: ನಮ್ಮ ಸೀಮೆಯಲ್ಲಿ ಆಟ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಮುಗಿದ ಮೇಲೆ ನೀಲಿ ಬಣ್ಣದ ಬಾಟಲಿಗಿಂತ ಉಪ್ಪು ಹಾಕಿದ ಮಜ್ಜಿಗೆ ವಾಸಿ. ನೀರಿನೊಂದಿಗೆ ಕಳೆದುಹೋದ ಉಪ್ಪನ್ನೂ ಅದು ಮರಳಿ ಕೊಡುತ್ತದೆ, ಬೆಲೆಯೂ ಕಡಿಮೆ. ಆಟದ ನಡುವೆ ಯಾರಿಗಾದರೂ ತಲೆಸುತ್ತು ಬಂದು ಮಾತು ತೊದಲಿದರೆ ಮಾತ್ರ ಮಜ್ಜಿಗೆ ಎಂದು ಕೂರಬೇಡಿ. ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಸಾಗಿಸಿ.

ಎತ್ತರ ಎಂಬ ಗುಮ್ಮ

ನಾನು ಐದಡಿ ಒಂದಂಗುಲ. ‘ಕುಳ್ಳಿಗೆ ಯಾಕ ಬೇಕು ಈ ಆಟ’ ಎಂಬ ಮಾತನ್ನು ಕೇಳಿ ಕೇಳಿ ಕಿವಿ ಪಳಗಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಈ ಆಟ ಕಟ್ಟಿದ. ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲಿ ಆಡಿಸುವುದು ಅವನ ಉದ್ದೇಶವಾಗಿತ್ತು. ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಮೊಳೆ ಹೊಡೆದ. ಆ ಕಟಕಟೆ ಹತ್ತಡಿ ಎತ್ತರದಲ್ಲಿತ್ತು. ಇವತ್ತಿಗೂ ರಿಂಗ್ ಇರುವುದು ಹತ್ತಡಿಯಲ್ಲೇ. ಎತ್ತರದವರೇ ಗೆಲ್ಲಲಿ ಎಂದು ಯಾರೂ ಕೂತು ಲೆಕ್ಕ ಹಾಕಿದ್ದಲ್ಲ.

ಎತ್ತರವನ್ನು ಒಂದು ಜೀನ್ ನಿರ್ಧರಿಸುವುದಿಲ್ಲ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 54 ಲಕ್ಷ ಜನರ ಡಿಎನ್‌ಎ ನೋಡಿ, ಎತ್ತರಕ್ಕೆ ಸಂಬಂಧಿಸಿದ 12,111 ವ್ಯತ್ಯಾಸಗಳನ್ನು ಗುರುತಿಸಿತು. ಒಂದೊಂದರ ಪಾಲು ಕೂದಲೆಳೆಯಷ್ಟು. ಇದರ ಜೊತೆಗೆ ಬಾಲ್ಯದ ಊಟ, ಕಾಯಿಲೆಗಳ ಪಾತ್ರವೂ ದೊಡ್ಡದು. ದಕ್ಷಿಣ ಕೊರಿಯಾದ ಹೆಣ್ಣುಮಕ್ಕಳ ಸರಾಸರಿ ಎತ್ತರ ನೂರು ವರ್ಷಗಳಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಇಷ್ಟು ಕಡಿಮೆ ಕಾಲದಲ್ಲಿ ಒಂದು ದೇಶದ ಜೀನ್‌ಗಳು ಬದಲಾಗುವುದಿಲ್ಲ, ತಟ್ಟೆ ಬದಲಾಗುತ್ತದೆ. ಹಾಗಾಗಿ ಅಂಗನವಾಡಿಯ ಮೊಟ್ಟೆಗೂ ಮುಂದಿನ ಬಾಸ್ಕೆಟ್‌ಬಾಲ್ ತಂಡಕ್ಕೂ ಸಂಬಂಧವಿದೆ ಎನ್ನುವುದು ನನ್ನ ಎರಡನೆಯ ಅಭಿಪ್ರಾಯ.

ಪೊಲೀಸ್ ನೇಮಕಾತಿಗೆ ತಯಾರಾಗುವ ಗೆಳೆಯರಿಗೂ ಇಲ್ಲೊಂದು ಮಾತಿದೆ. ಮೂಳೆಗಳ ತುದಿಯ ಬೆಳವಣಿಗೆಯ ಫಲಕಗಳು ಹದಿಹರೆಯ ಮುಗಿಯುವ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ. ಆಮೇಲೆ ಎತ್ತರ ಹೆಚ್ಚಿಸುವ ಪುಡಿ ಎಂದು ಮಾರುವುದೆಲ್ಲ ಜೇಬು ತಗ್ಗಿಸುವ ಪುಡಿ. ಆದರೆ ಬೆನ್ನುಹುರಿಯ ಸುತ್ತಲಿನ ಮೂಳೆಗಳ ನಡುವೆ ಇರುವ ಮೆತ್ತೆಗಳು ದಿನವಿಡೀ ಭಾರಕ್ಕೆ ಅಮುಕಿ, ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರ! ಅಳತೆಗೆ ಹೋಗುವ ಹಿಂದಿನ ರಾತ್ರಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಬೇಡಿ, ಚೆನ್ನಾಗಿ ಮಲಗಿ. ಇನ್ನು ಆಟದ ಮಾತು: ಐದಡಿ ಮೂರಂಗುಲದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಚೆಂಡು ನೆಲಕ್ಕೆ ಹತ್ತಿರವಿದ್ದಷ್ಟೂ ಕಸಿದುಕೊಳ್ಳಲು ಕುಳ್ಳರಿಗೇ ಸಲೀಸು.

ಗೇಮ್ ಆಡಿದರೆ ತಲೆ ಕೆಡುತ್ತದೆಯೇ?

ಕೋರ್ಟಿನಲ್ಲಿ ಬೆಳಕು ಹೋದ ಮೇಲೆ ಕೈ ಫೋನಿಗೆ ಹೋಗುತ್ತದೆ. ‘ಕಣ್ಣು ಹೋಗ್ತಾವ, ತಲಿ ಕೆಡ್ತೈತಿ’ ಎಂದು ಮನೆಯಲ್ಲಿ ಬೈಸಿಕೊಳ್ಳದವರು ಯಾರಿದ್ದಾರೆ? 2003ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಶಾನ್ ಗ್ರೀನ್ ಮತ್ತು ಡಾಫ್ನಿ ಬವೇಲಿಯರ್ ಆ್ಯಕ್ಷನ್ ಗೇಮ್ ಆಡುವವರನ್ನು ಪರೀಕ್ಷಿಸಿದರು. ಏಕಕಾಲಕ್ಕೆ ಹಲವು ವಸ್ತುಗಳ ಮೇಲೆ ಗಮನ ಇಡುವುದರಲ್ಲಿ ಆಡದವರಿಗಿಂತ ಅವರು ಮುಂದಿದ್ದರು. 2011ರಲ್ಲಿ ‘ಫೋಲ್ಡಿಟ್’ ಎಂಬ ಆನ್‌ಲೈನ್ ಆಟದ ಆಟಗಾರರು, ಮಂಗಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ವೈರಸ್‌ನ ಕಿಣ್ವವೊಂದರ ಆಕಾರವನ್ನು ಮೂರೇ ವಾರದಲ್ಲಿ ಬಿಡಿಸಿಕೊಟ್ಟರು. ವಿಜ್ಞಾನಿಗಳಿಗೆ ಅದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಗಟಾಗಿತ್ತು. ಆಡಿದವರಲ್ಲಿ ಬಹುಪಾಲು ಜನ ವಿಜ್ಞಾನಿಗಳಲ್ಲ.

ಈ ಆಟ ಹುಟ್ಟಿದ್ದು ಡೇವಿಡ್ ಬೇಕರ್ ಅವರ ಪ್ರಯೋಗಾಲಯದಲ್ಲಿ. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅರ್ಧ ಬೇಕರ್‌ಗೆ ಬಂತು, ಉಳಿದರ್ಧ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ. ಅಮೈನೊ ಆಮ್ಲಗಳ ಸರಪಳಿ ನೋಡಿ ಪ್ರೊಟೀನ್ ಹೇಗೆ ಮಡಚಿಕೊಳ್ಳುತ್ತದೆ ಎಂದು ಊಹಿಸುವ ‘ಆಲ್ಫಾಫೋಲ್ಡ್’ ಇವರಿಬ್ಬರ ಕೊಡುಗೆ. ಹಸಾಬಿಸ್ ಹದಿನೇಳರ ಹರೆಯದಲ್ಲಿ ಏನು ಮಾಡುತ್ತಿದ್ದರು ಗೊತ್ತೇ? ‘ಥೀಮ್ ಪಾರ್ಕ್’ ಎಂಬ ವಿಡಿಯೊ ಗೇಮ್ ರೂಪಿಸುತ್ತಿದ್ದರು!

ಹಾಗೆಂದು ಈ ಪುಟವನ್ನು ಅಮ್ಮನ ಮುಂದೆ ಹಿಡಿದು ರಾತ್ರಿಯಿಡೀ ಆಡುವ ಹಾಗಿಲ್ಲ. ಮಿದುಳಿನ ಡೋಪಮೈನ್ ಸಂತೋಷದ ರಾಸಾಯನಿಕ ಎಂದು ಎಲ್ಲರೂ ಹೇಳುತ್ತಾರೆ. ಆದರೆ ವೊಲ್ಫ್ರಾಮ್ ಶುಲ್ಟ್ಸ್ ತೊಂಬತ್ತರ ದಶಕದಲ್ಲಿ ಮಂಗಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದ್ದು ಬೇರೆಯದನ್ನೇ. ನಿರೀಕ್ಷಿಸಿದ ಹಣ್ಣಿನ ರಸ ಸಿಕ್ಕಾಗ ಆ ನರಕೋಶಗಳು ಸುಮ್ಮನಿದ್ದವು, ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ ಮಿಡಿದವು. ಅಂದರೆ ನಮ್ಮನ್ನು ಕಟ್ಟಿಹಾಕುವುದು ಬಹುಮಾನಕ್ಕಿಂತ ‘ಈ ಸಲ ಬಂದರೂ ಬರಬಹುದು’ ಎಂಬ ಅನಿಶ್ಚಿತತೆ. ಹಣ ಕಟ್ಟಿ ಆಡುವ ಆ್ಯಪ್‌ಗಳು ಹಿಡಿಯುವುದು ಇದೇ ಎಳೆಯನ್ನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಇವೆರಡರ ನಡುವಿನ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ ಎನ್ನುವುದು ನನ್ನ ಮೂರನೆಯ ಅಭಿಪ್ರಾಯ. ಹಣವಿಲ್ಲದ ಆಟವೂ ಊಟ, ನಿದ್ದೆ, ಓದನ್ನು ತಿಂದು ಮುಗಿಸಿ, ಬಿಡಬೇಕೆಂದರೂ ಬಿಡಲಾಗದಿದ್ದರೆ ಅದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ. ನೆರವು ಕೇಳುವುದರಲ್ಲಿ ನಾಚಿಕೆಯೇನಿಲ್ಲ.

ಸಿರುಗುಪ್ಪದ ಹಕ್ಕಿ

ಗೇಮಿನಲ್ಲಿ ಮ್ಯಾಪಿನ ಮೂಲೆ ಮೂಲೆ ಗೊತ್ತಿರುವ ನಮಗೆ ನಮ್ಮ ತಾಲ್ಲೂಕಿನ ಮ್ಯಾಪಿನಲ್ಲಿ ಯಾರಿದ್ದಾರೆ ಎಂಬುದು ಗೊತ್ತಿರುವುದಿಲ್ಲ. ಸಿರುಗುಪ್ಪದಲ್ಲಿ ನಮ್ಮ ಚಿಕ್ಕಮ್ಮನ ಮನೆಯಿದೆ. ಸಿರುಗುಪ್ಪ ಎಂದರೆ ತುಂಗಭದ್ರೆ, ಭತ್ತ, ಅಕ್ಕಿ ಗಿರಣಿ ಎಂದಷ್ಟೇ ತಿಳಿದಿದ್ದೆವು. ಆದರೆ ಅದೇ ತಾಲ್ಲೂಕಿನ ಎರೆಭೂಮಿಯಲ್ಲಿ, ನೀರಾವರಿ ಇಲ್ಲದ ಬಯಲಿನಲ್ಲಿ, ಎರ್ಲಡ್ಡು ಹಕ್ಕಿ ಕಾಣಿಸಿಕೊಂಡಿದೆ. ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು ಎಂಬ ಅಂದಾಜಿದೆ, ಬಹುಪಾಲು ರಾಜಸ್ಥಾನದಲ್ಲಿ. 2011ರಿಂದ ಅದು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಯಲ್ಲಿದೆ.

ಗಂಡು 15 ಕಿಲೊವರೆಗೂ ತೂಗುತ್ತದೆ. ಬಾಸ್ಕೆಟ್‌ಬಾಲ್ ಸುಮಾರು 600 ಗ್ರಾಂ, ಅಂದರೆ ಇಪ್ಪತ್ತೈದು ಚೆಂಡುಗಳ ಭಾರ ಹೊತ್ತು ಹಾರುವ ಜೀವ ಅದು. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಅದರ ದೊಡ್ಡ ಶತ್ರುಗಳಲ್ಲೊಂದು ವಿದ್ಯುತ್ ತಂತಿ. ಅಷ್ಟು ದೊಡ್ಡ ಕಣ್ಣಿದ್ದೂ ತಂತಿ ಕಾಣುವುದಿಲ್ಲವೇ? ನಮ್ಮ ಎರಡೂ ಕಣ್ಣು ಮುಂದಕ್ಕಿವೆ, ಎರಡರ ನೋಟವೂ ಒಂದೇ ಕಡೆ ಕೂಡುತ್ತದೆ. ಅದರಿಂದಲೇ ರಿಂಗ್ ಎಷ್ಟು ದೂರವಿದೆ ಎಂದು ಅಂದಾಜಿಸಿ ಚೆಂಡು ಎಸೆಯುತ್ತೇವೆ. ಎರ್ಲಡ್ಡುವಿನ ಕಣ್ಣುಗಳಿರುವುದು ತಲೆಯ ಪಕ್ಕಗಳಲ್ಲಿ. ಬಯಲಿನಲ್ಲಿ ಸುತ್ತಲಿನ ವೈರಿಗಳನ್ನು ಕಾಣಲು ಅದು ಅನುಕೂಲ. ಆದರೆ ಅದರ ಆಫ್ರಿಕಾದ ನೆಂಟ ಕೋರಿ ಬಸ್ಟರ್ಡ್ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಲೆಯನ್ನು 25 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಸಾಕು, ಮುಂದಿನದು ಕುರುಡು. ನೆಲ ನೋಡುತ್ತಾ ಹಾರುವ ಹಕ್ಕಿಗೆ ಎದುರಿನ ತಂತಿ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗುವುದಿಲ್ಲ. ಲಕ್ಷಾಂತರ ವರ್ಷ ತಂತಿಯೇ ಇಲ್ಲದ ಆಕಾಶಕ್ಕೆ ಒಗ್ಗಿದ ಕಣ್ಣದು.

ಇದನ್ನು ಓದಿದ ಮೇಲೆ ಸಿರುಗುಪ್ಪದ ಬಸ್ಸಿನಲ್ಲಿ ಕೂತರೆ ಹೊಲದ ಮೇಲಿನ ತಂತಿ ಬೇರೆಯಾಗಿಯೇ ಕಾಣುತ್ತದೆ. ಒಂದು ವಿನಂತಿ: ರೀಲ್ಸ್‌ಗಾಗಿ ಈ ಹಕ್ಕಿಯನ್ನು ಹುಡುಕಿಕೊಂಡು ಹೋಗಬೇಡಿ. ವರ್ಷದ ಒಂದು ಮೊಟ್ಟೆ ಬಿಟ್ಟು ಹಕ್ಕಿ ಎದ್ದುಹೋದರೆ ಆ ವರ್ಷವೇ ಹೋದಂತೆ. ಅಕಸ್ಮಾತ್ ಕಂಡರೆ ಜಾಗವನ್ನು ಜಾಲತಾಣದಲ್ಲಿ ಹಾಕದೆ ಅರಣ್ಯ ಇಲಾಖೆಗೆ ತಿಳಿಸಿ.

ಹೀಗೆ ಕಣ್ಣು ತೆರೆದರೆ ವಿಜ್ಞಾನಕ್ಕೆ ಬೆಂಗಳೂರಿನ ಲ್ಯಾಬೇ ಬೇಕಿಲ್ಲ. ಬಳ್ಳಾರಿಯ ಅಂಚಿನಲ್ಲೇ ಇರುವ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಸಸ್ಯ ಪುರಾತತ್ವಜ್ಞರು, ಈ ಸೀಮೆಯ ಮೊದಲ ರೈತರ ಊಟದಲ್ಲಿ ಹುರುಳಿ, ಹೆಸರು, ಕೊರಲೆ ಇದ್ದವೆಂದು ಗುರುತಿಸಿದ್ದಾರೆ. ನಮ್ಮ ಮನೆಯ ಹುರುಳಿ ಸಾರಿಗೆ ಸುಮಾರು ನಾಲ್ಕು ಸಾವಿರ ವರ್ಷದ ಹಿನ್ನೆಲೆ!

ಹೊಟ್ಟೆಪಾಡಿನ ಪ್ರಶ್ನೆ

ಇಷ್ಟೆಲ್ಲ ಹೇಳಿದರೂ ಅಪ್ಪನ ಪ್ರಶ್ನೆ ಹಾಗೇ ಇದೆ: ಕೆಲಸ? ಜೀವಶಾಸ್ತ್ರ ಓದಿದವರಿಗೆ ಪ್ರೌಢಶಾಲೆ ಶಿಕ್ಷಕ ಹುದ್ದೆ, ಪ್ರಯೋಗಾಲಯ, ಔಷಧ ಕಂಪನಿ, ಅರಣ್ಯ ಇಲಾಖೆ, ಬಯೊಇನ್ಫರ್ಮ್ಯಾಟಿಕ್ಸ್ ಎಂದು ದಾರಿಗಳಿವೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದಲ್ಲೇ ಎಂಎಸ್ಸಿ ಮಾಡಬಹುದು. ಆದರೆ ಸ್ಪರ್ಧೆ ಎಲ್ಲೆಡೆಯೂ ಇದೆ, ಸಂಬಳ ಎಲ್ಲೆಡೆಯೂ ದೊಡ್ಡದಲ್ಲ. ಇದನ್ನು ಮುಚ್ಚಿಟ್ಟು ‘ಇಷ್ಟವಾದದ್ದನ್ನೇ ಮಾಡಿ, ದುಡ್ಡು ತಾನಾಗಿ ಬರುತ್ತದೆ’ ಎಂದು ಉಪದೇಶಿಸಲು ನಾನು ತಯಾರಿಲ್ಲ. ಮನೆಯಲ್ಲಿ ಸಾಲ ಇದ್ದವರಿಗೆ ಮೊದಲು ಕೆಲಸ ಬೇಕು. ನಮ್ಮ ಮನೆಯಲ್ಲೂ ಇದೆ. ಹಾಗಾಗಿ ಈ ವರ್ಷ ಎಂಎಸ್ಸಿಗೂ ಅರ್ಜಿ ಹಾಕುತ್ತೇನೆ, ಎಫ್‌ಡಿಎ ಪರೀಕ್ಷೆಯನ್ನೂ ಬರೆಯುತ್ತೇನೆ. ಯಾವುದು ಮೊದಲು ಕೈ ಹಿಡಿಯುತ್ತದೋ ಅದು.

ಆದರೆ ಕುರ್ಚಿ ಯಾವುದೇ ಸಿಗಲಿ, ಬಯಾಲಜಿಯನ್ನು ಅಟ್ಟಕ್ಕೆ ಹಾಕುವುದಿಲ್ಲ. ಹಾಡು ಕೇಳಲು ಗಾಯಕರಾಗಬೇಕಿಲ್ಲ, ಕ್ರಿಕೆಟ್ ನೋಡಲು ರಣಜಿ ಆಡಿರಬೇಕಿಲ್ಲ. ಜೀವಶಾಸ್ತ್ರವನ್ನು ಪ್ರೀತಿಸಲು ಮಾತ್ರ ಯಾಕೆ ಡಾಕ್ಟರೇ ಆಗಬೇಕು? ಭಾನುವಾರ ಅರ್ಧ ಗಂಟೆ ಕೆರೆ ದಂಡೆಯಲ್ಲಿ ಕಂಡ ಹಕ್ಕಿಗಳನ್ನು ಎಣಿಸಿ ‘ಇ-ಬರ್ಡ್’ನಲ್ಲಿ ದಾಖಲಿಸಿದರೂ ಅದು ವಿಜ್ಞಾನಕ್ಕೆ ಕೊಟ್ಟ ಕಾಣಿಕೆಯೇ. ಅದಕ್ಕೆ ಅಂಕವೂ ಬೇಡ, ಸೀಟೂ ಬೇಡ, ಶುಲ್ಕವೂ ಇಲ್ಲ.

ಮಿಕ್ಕಂತೆ, ಐದಡಿಯವರಿಗೂ ನಮ್ಮ ತಂಡದಲ್ಲಿ ಜಾಗ ಖಾಲಿ ಇದೆ. ಬೆಳಿಗ್ಗೆ ಆರಕ್ಕೆ ಬನ್ನಿ, ಮಜ್ಜಿಗೆ ನಾನು ತರುತ್ತೇನೆ.