ಕಿಟಕಿಯಿಂದ ಬಿದ್ದ ಟವೆಲ್
ಸಂತೆಕಲ್ಲೂರಿನಿಂದ ಮಸ್ಕಿ, ಲಿಂಗಸುಗೂರುಗಳತ್ತ ಹೊರಡುವವರಿಗೆ ಈ ನೋಟ ಹೊಸದಲ್ಲ: ಬಸ್ಸು ನಿಲ್ಲುತ್ತಿದ್ದಂತೆ ಕಿಟಕಿಯಿಂದ ಟವೆಲ್, ದಸ್ತಿಗಳು ಸೀಟಿನ ಮೇಲೆ ಬೀಳುತ್ತವೆ. ಬಾಗಿಲಿನಿಂದ ಮೊದಲು ಹತ್ತಿದ ವೃದ್ಧೆ ನಿಂತೇ ಪ್ರಯಾಣಿಸಬೇಕು. ಸಿರಿವಂತರ ವಿಹಾರ ನೌಕೆಗಳಲ್ಲೂ ಈಜುಕೊಳದ ಕುರ್ಚಿಗಳಿಗಾಗಿ ಇದೇ ಜಗಳ. 2013ರಲ್ಲಿ ಕಾರ್ನಿವಲ್ ಕಂಪನಿಯು, 40 ನಿಮಿಷ ಯಾರೂ ಬಾರದ ಕುರ್ಚಿಯಿಂದ ಟವೆಲ್ ತೆಗೆಸುವ ನಿಯಮ ತಂದಿತು.

ಅರ್ಥಶಾಸ್ತ್ರ ಓದಿದ ನನಗೆ ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಲ್ಲ. ಕೊರತೆಯಿರುವುದನ್ನು ಸರದಿ ಹಂಚಿದರೆ ತಾಳ್ಮೆಗೆ ಬೆಲೆ. ಟವೆಲ್ ಹಂಚಿದರೆ ತೋಳ್ಬಲಕ್ಕೆ ಬೆಲೆ. ಸೋಲುವವರು ವೃದ್ಧರು, ಕೂಸು ಹೊತ್ತ ತಾಯಂದಿರು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಮಹಿಳೆಯರಿಗೆ ಪ್ರಯಾಣವನ್ನು ಉಚಿತಗೊಳಿಸಿತು, ಸೀಟನ್ನು ಖಾತರಿಪಡಿಸಲಿಲ್ಲ. ಬಸ್ಸುಗಳು ಹೆಚ್ಚಬೇಕು, ನಿಜ. ಅಲ್ಲಿಯವರೆಗೆ ನಿರ್ವಾಹಕರೂ ಪ್ರಯಾಣಿಕರೂ ಒಂದು ನಿಯಮಕ್ಕೆ ಬದ್ಧರಾಗಲಿ: ಸೀಟು ಹತ್ತಿ ಬಂದವರದು, ಟವೆಲ್ ಎಸೆದವರದಲ್ಲ.